ಹ್ಯಾಂಡಲಪ್ಪನ ಸಂಖ್ಯಾ ನಿಯಂತ್ರಣ

ಕಾರ್ಖಾನೆಯವರು ನಾಲ್ಕು ಹಳೆಯ ಮಿಲ್ಲಿಂಗ್ ಯಂತ್ರಗಳನ್ನು ಗುಜರಿಗೆ ಹಾಕಿದರು. ಅವುಗಳ ಮುಂದೆ ಹತ್ತೊಂಬತ್ತು ವರ್ಷ ನಿಂತಿದ್ದ ನಾಲ್ವರಲ್ಲಿ ಮೂವರನ್ನು ಮಂಗಳವಾರ, ಊಟದ ಗಂಟೆ ಹೊಡೆಯುವ ಮೊದಲೇ, ಮನೆಗೆ ಕಳಿಸಿದರು.

ಉಳಿದ ನಾಲ್ಕನೆಯವನೇ ಹ್ಯಾಂಡಲಪ್ಪ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಂತ್ರದ ಹಿಡಿಕೆಗಳನ್ನು ತಿರುಗಿಸಿ ತಿರುಗಿಸಿ ಬಲಗೈ ಎಡಗೈಗಿಂತ ದಪ್ಪವಾದ ಮೇಲೆ ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ, ಕೆಲವೊಮ್ಮೆ ಅವನೂ ಮರೆಯುತ್ತಿದ್ದ. ನಾಲ್ವರಲ್ಲಿ ಅವನನ್ನೇ ಉಳಿಸಿಕೊಂಡದ್ದಕ್ಕೆ ಸಕಾರಣವಿತ್ತು. ಮನೆಗೆ ಕಳಿಸಬೇಕಾದವರ ಪಟ್ಟಿಯಲ್ಲಿ ಅವನ ಹೆಸರು ಎರಡನೆಯ ಪುಟಕ್ಕೆ ಹೋಗಿತ್ತು. ಮೇಲಿನವರು ಮೊದಲನೆಯ ಪುಟಕ್ಕೆ ಮಾತ್ರ ಸಹಿ ಹಾಕಿದ್ದರು.

ಮಿಲ್ಲಿಂಗ್ ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗರಗರ ತಿರುಗುವ, ಹಲ್ಲುಗಳುಳ್ಳ ಒಂದು ಕಟ್ಟರ್. ಅದರ ಕೆಳಗೆ ಬಿಗಿದು ಕೂರಿಸಿದ ಒಂದು ಲೋಹದ ತುಂಡು. ತುಂಡನ್ನು ಅತ್ತ ಇತ್ತ ಸರಿಸುತ್ತ, ಬೇಡವಾದದ್ದನ್ನು ಕೆರೆದು ಕೆರೆದು ತೆಗೆದರೆ ಬೇಕಾದ ಆಕಾರ ಉಳಿಯುತ್ತದೆ. ಹಿಟ್ಟಿನ ಮಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಇಷ್ಟನ್ನು ಅತ್ತೆಗೆ ಮನದಟ್ಟು ಮಾಡಿಸಲು ಹ್ಯಾಂಡಲಪ್ಪನಿಗೆ ಮದುವೆಯ ಮೊದಲ ಮೂರು ವರ್ಷ ಹಿಡಿದಿತ್ತು. ಆಮೇಲೂ ಆಕೆ ಬಂದಾಗಲೆಲ್ಲ ಅವನ ಅಂಗಿ ಕೊಡವಿ ನೋಡಿ, "ಇವತ್ತು ಹಿಟ್ಟೇ ಹತ್ತಿಲ್ಲ, ಗಿರಾಕಿ ಕಮ್ಮಿ ಅಂತ ಕಾಣುತ್ತೆ" ಎಂದು ಮಗಳ ಕಿವಿಯಲ್ಲಿ ಹೇಳುತ್ತಿದ್ದಳು.

ಹೊಸ ಯಂತ್ರ ಬಂದದ್ದು ಲಾರಿಯಲ್ಲಿ, ಮದುಮಗಳ ಹಾಗೆ ಮುಸುಕು ಹಾಕಿಕೊಂಡು. ಗಾಜಿನ ಬಾಗಿಲು, ಟಿವಿಯಂಥ ಪರದೆ, ಎಣಿಸಲಾರದಷ್ಟು ಗುಂಡಿಗಳು. ಹಿಡಿಕೆ ಮಾತ್ರ ಇಲ್ಲ. ತಿರುಗಿಸಲಿಕ್ಕೆಂದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಚಕ್ರ ವೈರಿನ ತುದಿಯಲ್ಲಿ ನೇತಾಡುತ್ತಿತ್ತು. ಯಂತ್ರ ಬೆವರಬಾರದೆಂದು ಆ ಮೂಲೆಗೆ ಹವಾನಿಯಂತ್ರಣ ಹಾಕಿಸಿದರು. ಅದೇ ಮೂಲೆಯಲ್ಲಿ ಹತ್ತೊಂಬತ್ತು ವರ್ಷ ಬೆವರಿದವರಿಗೆ ಅಂಥದ್ದೊಂದು ಬೇಕಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅದೇ ಮಂಗಳವಾರ ಸಂಜೆ ಹ್ಯಾಂಡಲಪ್ಪನ ಕೈಗೆ ಒಂದು ಪತ್ರ ಬಂತು. ನೌಕರರಿಗೆ ಕೊಡುವ ಪತ್ರಗಳೆಲ್ಲ ಇನ್ನು ಮುಂದೆ ಜನರ ಭಾಷೆಯಲ್ಲೇ ಇರಬೇಕೆಂದು ಮೇಲಿಂದ ಆಜ್ಞೆಯಾಗಿತ್ತು. ಸಿಬ್ಬಂದಿ ಅಧಿಕಾರಿ ಜನರನ್ನು ಕೇಳುವ ಬದಲು ನಿಘಂಟನ್ನು ಕೇಳಿದ್ದ. ಹೊಸ ಯಂತ್ರದ 'ಸಿಎನ್‌ಸಿ', ಅಂದರೆ ಕಂಪ್ಯೂಟರ್ ನ್ಯೂಮರಿಕಲ್ ಕಂಟ್ರೋಲ್, ಎಂಬುದನ್ನೂ ಪದಕ್ಕೆ ಪದ ಕನ್ನಡಿಸಿದ್ದ. ಪರಿಣಾಮ ಹೀಗಿತ್ತು:

"ತಮ್ಮನ್ನು ಸಂಸ್ಥೆಯ ಗಣಕ ಸಂಖ್ಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಆಯ್ಕೆ ಮಾಡಲಾಗಿದೆ. ಸೋಮವಾರದಿಂದ ಐದು ದಿನಗಳ ಅವಧಿಯ ಈ ಕ್ರಿಯೆಗೆ ತಾವು ಒಳಪಡುವುದು ಕಡ್ಡಾಯ. ಕ್ರಿಯೆಯು ಪೂರ್ಣಗೊಂಡ ಬಳಿಕ ತಮಗೆ ಹಿಂದಿನ ಸ್ಥಿತಿಗೆ ಮರಳಲು ಅವಕಾಶವಿರುವುದಿಲ್ಲ. ವಿಫಲವಾದಲ್ಲಿ ತಮ್ಮ ಸೇವೆಯನ್ನು ಕೊನೆಗೊಳಿಸಲಾಗುವುದು."

ಹ್ಯಾಂಡಲಪ್ಪನಿಗೆ ಕೊನೆಯ ವಾಕ್ಯ ಒಂದೇ ಅರ್ಥವಾದದ್ದು. ಐದು ದಿನದಲ್ಲಿ ಏನನ್ನೋ ಕಲಿಯಬೇಕು. ಕಲಿಯದಿದ್ದರೆ ಅವನೂ ಆ ಮೂವರ ಹಿಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಾರ್ಖಾನೆ ತನ್ನನ್ನು 'ತಾವು' ಎಂದದ್ದು ನೋಡಿಯೇ ಅವನ ಎದೆ ಅರ್ಧ ಕುಸಿದಿತ್ತು.

ಮನೆಯಲ್ಲಿ ಹೆಂಡತಿ ಕೇಳಿದಳು. "ಏನ್ರೀ ಅದು ಕಾಗದ?"

ಮೂವರು ಮನೆಗೆ ಹೋದ ಸುದ್ದಿಯನ್ನು ಅವನು ಹೇಳಲಿಲ್ಲ. 'ನನಗೂ ಗೊತ್ತಾಗಲಿಲ್ಲ' ಎಂದು ಹೇಳುವುದು ಅದಕ್ಕಿಂತ ಕಷ್ಟ. ಎದೆ ಸೆಟೆಸಿ ಹೇಳಿದ:

"ನನ್ನೊಬ್ಬನ್ನೇ ಆಯ್ಕೆ ಮಾಡಿದಾರೆ ಕಣೇ. ಆಪರೇಟರ್ ವಿಷಯ. ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು."

ಮತ್ತು ಸ್ನಾನಕ್ಕೆ ಹೋದ. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಸ್ನಾನವೇ ಕಾರಣ. ಅವನು ಮೂರು ಚೊಂಬು ಕಡಿಮೆ ಸುರಿದುಕೊಂಡಿದ್ದರೂ ಹೆಂಡತಿಗೆ ಪತ್ರ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿಬರಲು ಸಮಯ ಸಿಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿದ್ದವರು ಇಲಾಖೆ ತಾತ. ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು, ನಿವೃತ್ತರಾದ ಮೇಲೂ ಇಲಾಖೆಯನ್ನು ಮೈಯಿಂದ ಇಳಿಸಿರಲಿಲ್ಲ. ಬೀದಿಗೆ ಬಂದ ಕಾಗದ ಯಾವುದೇ ಇರಲಿ, ಅವರ ಕನ್ನಡಕದ ಕೆಳಗೆ ಹಾದುಹೋಗದೆ ಅರ್ಥ ಪಡೆಯುತ್ತಿರಲಿಲ್ಲ.

"ಸಂಖ್ಯಾ ನಿಯಂತ್ರಣ..." ಎಂದು ಓದಿ ತಾತ ಕನ್ನಡಕ ತೆಗೆದರು. ಮತ್ತೆ ಹಾಕಿದರು. "ಮುಂದೆ 'ಜನ' ಅಂತ ಹಾಕೋದು ಬಿಟ್ಟಿದಾರೆ. ಟೈಪಿಂಗ್ ತಪ್ಪು."

"ಜನ ಅಂದ್ರೆ?"

"ಜನಸಂಖ್ಯಾ ನಿಯಂತ್ರಣ ಕಣಮ್ಮ. ನಾನೇ ಎಷ್ಟು ಗೋಡೆ ಮೇಲೆ ಬರೆಸಿಲ್ಲ! 'ಕ್ರಿಯೆಗೆ ಒಳಪಡುವುದು' ಅಂದಿದಾರೆ ನೋಡು, ಕ್ರಿಯೆ ಅಂದ್ರೆ ಆಪರೇಷನ್ನು."

"ಅವ್ರೂ ಆಪರೇ... ಅಂತ ಏನೋ ಅಂದ್ರು!"

"ಅಂದ್ರಲ್ಲ? 'ಹಿಂದಿನ ಸ್ಥಿತಿಗೆ ಮರಳಲು ಅವಕಾಶವಿಲ್ಲ.' ಇದೂ ಸರಿ. ನಾವೂ ಹಾಗೇ ಬರೀತಿದ್ವಿ. 'ವಿಫಲವಾದಲ್ಲಿ ಸೇವೆ ಕೊನೆ'... ಇದು ಸ್ವಲ್ಪ ಕ್ರೂರ. ನಮ್ಮ ಕಾಲದಲ್ಲಿ ವಿಫಲವಾದ್ರೆ ಇನ್ನೊಂದ್ಸಲ ಮಾಡ್ತಿದ್ವಿ."

ಹೆಂಡತಿ ಗೋಡೆ ಹಿಡಿದುಕೊಂಡಳು. "ಇರೋದೇ ಒಂದು ಮಗು ತಾತ, ಅದೂ ಕಾಲೇಜು ಸೇರಿದೆ. ಈಗೆಂಥಾ ನಿಯಂತ್ರಣ? ಅದೂ ಕಾರ್ಖಾನೆಯವರಿಗ್ಯಾಕೆ ಈ ಉಸಾಬರಿ?"

"ಹೆರಿಗೆ ರಜೆ ಉಳಿಯುತ್ತೆ."

"ಗಂಡಸ್ರಿಗೆಲ್ಲಿದೆ ಹೆರಿಗೆ ರಜೆ?"

"ಅದಕ್ಕೇ ಮತ್ತೆ," ಎಂದರು ತಾತ. ಅದಕ್ಕೆ ಎದುರಾಡುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ತರಬೇತಿ ಶುರುವಾಯಿತು. ಕಲಿಸಲು ಬಂದವನು ಯಂತ್ರ ಮಾರಿದ ಕಂಪನಿಯವನು, ಇಸ್ತ್ರಿ ಮುರಿಯದ ಅಂಗಿಯ ತರಬೇತುದಾರ. ಅವನು ಉಸಿರು ಬಿಡದೆ ಮಾತಾಡುತ್ತಿದ್ದ.

"ನೋಡಿ, ಇದು ವರ್ಟಿಕಲ್. ಕಟ್ಟರ್ ಮೇಲಿಂದ ನೆಟ್ಟಗೆ ಇಳಿಯುತ್ತೆ. ಇನ್ನೊಂದು ಥರ ಇದೆ, ಹಾರಿಜಾಂಟಲ್. ಅದರಲ್ಲಿ ಕಟ್ಟರ್ ಮಲಗಿರುತ್ತೆ, ಪಕ್ಕದಿಂದ ಬರುತ್ತೆ. ಚೂರುಗಳೆಲ್ಲ ತಾವೇ ಕೆಳಗೆ ಬಿದ್ದುಹೋಗ್ತವೆ. ಭಾರೀ ತುಂಡುಗಳಿಗೆ ಗ್ಯಾಂಟ್ರಿ ಅಂತ ಬೇರೆ ಇದೆ, ಸೇತುವೆ ಥರ. ತುಂಡು ಇದ್ದಲ್ಲೇ ಇರುತ್ತೆ, ಸೇತುವೆಯೇ ಅದರ ಮೇಲೆ ಓಡಾಡುತ್ತೆ. ಅರ್ಥ ಆಯ್ತಾ?"

"ಆಯ್ತು ಸಾರ್," ಎಂದ ಹ್ಯಾಂಡಲಪ್ಪ, ಏನೂ ಆಗದೆ.

"ಇದು ಮೂರು ಆಕ್ಸಿಸ್. ಎಕ್ಸ್ ಅಂದ್ರೆ ಎಡಕ್ಕೆ ಬಲಕ್ಕೆ. ವೈ ಅಂದ್ರೆ ಹಿಂದೆ ಮುಂದೆ. ಝೆಡ್ ಅಂದ್ರೆ ಮೇಲೆ ಕೆಳಗೆ. ನಾಲ್ಕು ಆಕ್ಸಿಸ್‌ದು ತುಂಡನ್ನ ತಿರುಗಿಸುತ್ತೆ ಕೂಡ. ಐದು ಆಕ್ಸಿಸ್‌ದು ತಿರುಗಿಸಿ, ವಾಲಿಸಿ, ಯಾವ ಮೂಲೇಲಿ ಬೇಕಾದ್ರೂ ಕೊರೆಯುತ್ತೆ."

ಹ್ಯಾಂಡಲಪ್ಪ ತಲೆ ಕೆರೆದುಕೊಂಡ. "ಸಾರ್, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ. ಇದನ್ನೇ ಅಲ್ವಾ ನಾನು ಮೂರು ಹಿಡಿಕೇಲಿ ಮಾಡ್ತಿದ್ದದ್ದು?"

"ಹೌದು, ಅದೇ."

"ಮತ್ತೆ ನನ್ನನ್ನ ಯಾರೂ ಮೂರು ಆಕ್ಸಿಸ್ ಅನ್ನಲೇ ಇಲ್ವಲ್ಲ ಸಾರ್?"

ತರಬೇತುದಾರ ಪುಸ್ತಕದ ಪುಟ ತಿರುಗಿಸಿ ಮುಂದಿನದಕ್ಕೆ ಹೋದ. ಯಂತ್ರದ ಕಂಪ್ಯೂಟರಿಗೆ ಕೊಡುವ ಆಜ್ಞೆಯಲ್ಲಿ ಜಿ ಸೊನ್ನೆ ಎಂದು ಬರೆದರೆ ಕಟ್ಟರ್ ಗಾಳಿಯಲ್ಲಿ ಓಡಬೇಕು, ಜಿ ಒಂದು ಎಂದರೆ ಕೊರೆಯುತ್ತ ನಡೆಯಬೇಕು. ಸೊನ್ನೆಗೆ ಓಟ, ಒಂದಕ್ಕೆ ನಡಿಗೆ! ಹ್ಯಾಂಡಲಪ್ಪ ದಿನವಿಡೀ ಇದನ್ನು ಬಾಯಿಪಾಠ ಮಾಡಿದ. ಸಂಜೆ ಬಸ್ ನಿಲ್ದಾಣದಲ್ಲಿ ಒಂದನೇ ನಂಬರಿನ ಬಸ್ಸು ಜೋರಾಗಿ ಹೋದದ್ದನ್ನು ಕಂಡು ಎಲ್ಲ ಮರೆತುಹೋಯಿತು.

ಮನೆಗೆ ಬಂದರೆ ಅತ್ತೆ ಬಂದು ಕೂತಿದ್ದಾಳೆ. ಮೇಜಿನ ಮೇಲೆ ಬ್ರೆಡ್ಡು, ಕಿತ್ತಳೆ, ಒಂದು ಲೋಟ ಹಾಲು. ಅವನಿಗೆಂದು ಕುರ್ಚಿಯ ಮೇಲೆ ದಿಂಬು ಹಾಕಿದ್ದರು. ಆಯ್ಕೆಯಾದವನಿಗೆ ಸಲ್ಲುವ ಮರ್ಯಾದೆ ಇದೆಂದು ಹ್ಯಾಂಡಲಪ್ಪ ದಿಂಬಿನ ಮೇಲೆ ರಾಜನಂತೆ ಕೂತ.

ಅತ್ತೆ ಸೆರಗು ಸರಿಮಾಡಿಕೊಂಡು, ಬೇರೆಲ್ಲೋ ನೋಡುತ್ತ ಕೇಳಿದಳು. "ಅಳಿಯಂದಿರೇ, ನೋಯುತ್ತಾ?"

"ಮೊದಲ ದಿನ ಅಲ್ವಾ ಅತ್ತೆ, ತಲೆ ಸ್ವಲ್ಪ."

"ತಲೆಯಾ?" ಎಂದಳು ಹೆಂಡತಿ.

"ತಲೆಯೇ ಮತ್ತೆ. ಎಲ್ಲಾ ಅಲ್ಲಿಂದಲೇ ಅಲ್ವಾ ಶುರು?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಡಾಕ್ಟ್ರು... ಅಂದ್ರೆ ಮಾಡೋರು, ಒಳ್ಳೆಯವರಾ?"

"ಈಗ ಮಾಡೋರು ಅಂತ ಯಾರೂ ಇಲ್ಲ ಅತ್ತೆ. ಕಂಪ್ಯೂಟರೇ ಮಾಡುತ್ತೆ. ಬಾಗಿಲು ಹಾಕ್ಕೊಂಡ ಮೇಲೇ ಶುರುವಾಗೋದು, ಬಾಗಿಲು ತೆಗೆದಿದ್ರೆ ಕದಲೋದೇ ಇಲ್ಲ."

"ಅಷ್ಟಾದ್ರೂ ಮಾನ ಮರ್ಯಾದೆ ಇದೆಯಲ್ಲ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

"ಎರಡು ಥರ ಇದೆ," ಹ್ಯಾಂಡಲಪ್ಪನಿಗೆ ಹುರುಪು ಬಂತು. "ನೆಟ್ಟಗೆ ಮೇಲಿಂದ ಮಾಡೋದೊಂದು, ಮಲಗಿಸಿ ಮಾಡೋದೊಂದು. ಮಲಗಿಸಿದ್ದೇ ವಾಸಿಯಂತೆ. ಕತ್ತರಿಸಿದ ಚೂರೆಲ್ಲ ಕೆಳಗೆ ಬಿದ್ದುಹೋಗುತ್ತೆ."

ಅತ್ತೆ ಹಾಲಿನ ಲೋಟ ತಾನೇ ಎತ್ತಿ ಕುಡಿದಳು.

"ಬಿಸಿ ಆಗಬಾರದು ಅಂತ ಮೇಲೆ ತಣ್ಣಗೆ ನೀರು ಬಿಡ್ತಾನೇ ಇರ್ತಾರೆ. ಮುಂಚೆ ಒಂದಕ್ಕೆ ನಲವತ್ತು ನಿಮಿಷ ಹಿಡೀತಿತ್ತು, ಈಗ ಆರೇ ನಿಮಿಷ. ಶುಕ್ರವಾರ ಪರೀಕ್ಷೆ. ಅವತ್ತು ನನ್ನ ಕೈಯಲ್ಲೇ ಕಟ್ ಮಾಡಿಸ್ತಾರಂತೆ."

"ನಿಮ್ಮ ಕೈಯಲ್ಲೇ!" ಎಂದು ಹೆಂಡತಿ ಚೀರಿದಳು.

"ಮತ್ತಿನ್ಯಾರ ಕೈಯಲ್ಲಿ? ಅದಕ್ಕೇ ಅಲ್ವಾ ಐದು ದಿನ ಕಲಿಸೋದು?" ಎಂದು ಅವನು ಕಿತ್ತಳೆ ಸುಲಿದ.

ಕಾರ್ಖಾನೆಯೊಳಗೆ ಅದೇ ಪತ್ರ ಇನ್ನೊಂದು ಅರ್ಥ ಪಡೆಯುತ್ತಿತ್ತು. ಬುಧವಾರ ಹ್ಯಾಂಡಲಪ್ಪ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಕೂತೊಡನೆ ಆ ಬೆಂಚಿನವರೆಲ್ಲ ಇನ್ನೊಂದು ಬೆಂಚಿಗೆ ಹೋದರು. ಬೆಂಚು ಒಂದು ಕಡೆ ಹಗುರವಾಗಿ ಅವನು ತಟ್ಟೆಸಮೇತ ಜಾರಿದ. ಎದ್ದು ನೋಡಿದರೆ ಎದುರಿಗೆ ಕಾರ್ಮಿಕ ಸಂಘದ ಕಾರ್ಯದರ್ಶಿ, ಕೈಯಲ್ಲಿ ಪತ್ರದ ನಕಲು.

"ಏನಯ್ಯಾ ಹ್ಯಾಂಡಲಪ್ಪ, ನಮ್ಮ ಸಂಖ್ಯೆ ನಿಯಂತ್ರಣ ಮಾಡೋ ಗುತ್ತಿಗೆ ನಿಂಗೆ ಕೊಟ್ರಂತೆ?"

"ನಂಗೇನೂ ಗೊತ್ತಿಲ್ಲಣ್ಣ. ಕಲಿಸ್ತಿದಾರೆ, ಕಲೀತಿದೀನಿ."

"ಮೂರು ಜನ ಹೋದ್ರು. ಇನ್ನು ಯಾರ ಸರದಿ? ಆ ಕಂಪ್ಯೂಟರಲ್ಲಿ ಯಾರ ಹೆಸರು ತುಂಬಿದಾರೆ, ಅದನ್ನ ಹೇಳು."

"ಅದರಲ್ಲಿ ಹೆಸರಿಲ್ಲಣ್ಣ. ಬರೀ ಎಕ್ಸು, ವೈಯಿ, ಝೆಡ್ಡು."

ಕಾರ್ಯದರ್ಶಿ ಧ್ವನಿ ತಗ್ಗಿಸಿದ. "ಗುಪ್ತ ಹೆಸರು! ಎಕ್ಸ್ ಯಾರು?"

"ಎಕ್ಸ್ ಅಂದ್ರೆ... ಎಡಕ್ಕೂ ಬಲಕ್ಕೂ ಓಡಾಡ್ತಿರೋದು."

ಎಲ್ಲರೂ ಸ್ಟೋರಿನವನನ್ನು ನೋಡಿದರು. ಅವನು ಸಂಘದ ಚಂದಾವನ್ನೂ ಕೊಡುತ್ತಿದ್ದ, ಸಂಜೆ ಅಧಿಕಾರಿಯ ಮನೆಗೂ ಹೋಗುತ್ತಿದ್ದ.

"ವೈ?"

"ಹಿಂದೆ ಮುಂದೆ."

ಗೇಟಿನ ಕಾವಲುಗಾರ ಬೀಡಿ ಆರಿಸಿದ.

"ಝೆಡ್?"

"ಮೇಲೆ ಕೆಳಗೆ ಹೋಗೋದು."

ಕ್ರೇನ್ ನಡೆಸುವವನು ತಟ್ಟೆ ಕೆಳಗಿಟ್ಟು, "ನನ್ನ ಕೆಲಸ ಹೋಯ್ತು" ಎಂದು ಅಲ್ಲೇ ಕೂತುಬಿಟ್ಟ.

ನಗಬಾರದು. ಮೂವರನ್ನು ಊಟಕ್ಕೂ ಬಿಡದೆ ಹೊರಗೆ ಹಾಕಿದ ಜಾಗದಲ್ಲಿ ಯಾವ ಅಕ್ಷರ ಕಂಡರೂ ಅದರಲ್ಲಿ ತನ್ನ ಹೆಸರು ಕಾಣುವುದು ದಡ್ಡತನವಲ್ಲ. ಹ್ಯಾಂಡಲಪ್ಪ ಎಷ್ಟು ವಿವರಿಸಿದರೂ ಅನುಮಾನ ಬಲಿಯಿತೇ ಹೊರತು ಇಳಿಯಲಿಲ್ಲ. "ನಾಲ್ಕು ಆಕ್ಸಿಸ್‌ದು, ಐದು ಆಕ್ಸಿಸ್‌ದು ಕೂಡ ಇದೆಯಂತೆ, ಆದ್ರೆ ನಮ್ಮಲ್ಲಿ ಸದ್ಯಕ್ಕೆ ಮೂರೇ" ಎಂದು ಅವನು ಸಮಾಧಾನ ಹೇಳಲು ಹೋಗಿ, ಮುಂದಿನ ಕಂತಿನಲ್ಲಿ ಐದು ಜನ ಎಂಬ ಸುದ್ದಿ ಸಂಜೆಯೊಳಗೆ ಪೇಂಟಿಂಗ್ ವಿಭಾಗದವರೆಗೂ ಮುಟ್ಟಿತು.

ಶುಕ್ರವಾರ ಬೆಳಿಗ್ಗೆ ಹ್ಯಾಂಡಲಪ್ಪ ಯಂತ್ರದ ಮುಂದೆ ನಿಂತ. ಯಂತ್ರವನ್ನು ಮೊದಲು ಹದಿನೈದು ನಿಮಿಷ ಸುಮ್ಮನೆ ತಿರುಗಲು ಬಿಟ್ಟು ಬಿಸಿ ಮಾಡಬೇಕೆಂದು ನಿಯಮ. ಅಷ್ಟು ಹೊತ್ತು ಅವನೂ ಯಂತ್ರದ ಸುತ್ತ ತಿರುಗಿದ. ಆಮೇಲೆ ಅಲ್ಯೂಮಿನಿಯಂ ತುಂಡನ್ನು ವೈಸ್‌ನ ದವಡೆಗಳ ನಡುವೆ ಬಿಗಿದ. ಇದೊಂದು ಕೆಲಸ ಅವನ ಬಲಗೈಗೆ ಗೊತ್ತಿತ್ತು. ಯಾವ ಗುಂಡಿಯೂ ಹೇಳಿಕೊಡಬೇಕಿರಲಿಲ್ಲ. ಸೊನ್ನೆಗೆ ಓಟ, ಒಂದಕ್ಕೆ ನಡಿಗೆ ಎಂದುಕೊಳ್ಳುತ್ತ ಬಾಗಿಲು ಎಳೆದು, ಹಸಿರು ಗುಂಡಿ ಒತ್ತಿದ. ನೀರು ಚಿಮ್ಮಿತು. ಕಟ್ಟರ್ ಇಳಿಯಿತು.

ಅದೇ ಹೊತ್ತಿಗೆ ಗೇಟಿನ ಹೊರಗೆ ಅತ್ತೆ, ಹೆಂಡತಿ, ಇಲಾಖೆ ತಾತ, ಬೀದಿಯ ಹನ್ನೊಂದು ಹೆಂಗಸರು ಬಂದು ನಿಂತರು. ತಾತ ಹಳೆಯ ಅಭ್ಯಾಸಬಲದಿಂದ ಒಂದು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತಂದಿದ್ದರು. ಮೂವತ್ತೊಂದು ವರ್ಷ ಪರವಾಗಿ ಬರೆಸಿದ್ದನ್ನು ಇದೇ ಮೊದಲ ಬಾರಿಗೆ ವಿರೋಧವಾಗಿ ಬರೆಯಬೇಕಾಗಿ ಬಂದಿತ್ತು: "ಬಲವಂತದ ಸಂಖ್ಯಾ ನಿಯಂತ್ರಣ ಬೇಡ!" ತಮ್ಮ ಪ್ರಾಮಾಣಿಕತೆಗೆ ಧಕ್ಕೆ ಬಾರದಿರಲೆಂದು 'ಬಲವಂತದ' ಎಂಬುದನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು.

ಮನೆಗೆ ಹೋಗಿದ್ದ ಆ ಮೂವರು ವಾರದಿಂದ ಎದುರಿನ ಟೀ ಅಂಗಡಿಯಲ್ಲೇ ಕೂತಿದ್ದರು. ಹಲಗೆ ನೋಡಿದರು. ತಮಗಾಗಿ ಊರಿನ ಹೆಂಗಸರೇ ಎದ್ದು ಬಂದಿದ್ದಾರೆಂದು ಕಣ್ಣು ತುಂಬಿ ಬಂದು, ಓಡಿಬಂದು ಸಾಲಿನಲ್ಲಿ ನಿಂತರು. ಒಳಗಿನಿಂದ ಕಾರ್ಯದರ್ಶಿ ಇದನ್ನು ನೋಡಿದ. ಐದು ನಿಮಿಷದಲ್ಲಿ ಪೇಂಟಿಂಗ್ ವಿಭಾಗ ಹೊರಗೆ ಬಂತು, ಆಮೇಲೆ ಲೇತಿನವರು, ಕ್ರೇನಿನವನು.

"ಸಂಖ್ಯಾ ನಿಯಂತ್ರಣ!" ಎಂದು ಕಾರ್ಯದರ್ಶಿ ಕೂಗಿದ.

"ಬೇಡಾ! ಬೇಡಾ!" ಎಂದು ಎಲ್ಲರೂ ಕೂಗಿದರು. ಇಷ್ಟು ಒಮ್ಮತದ ಚಳವಳಿಯನ್ನು ಆ ಗೇಟು ಹಿಂದೆಂದೂ ಕಂಡಿರಲಿಲ್ಲ.

"ನಮ್ಮ ಅಳಿಯನ್ನ ಬಿಡಿ! ಮುಟ್ಟಿದ್ರೆ ನೋಡಿ!" ಎಂದಳು ಅತ್ತೆ.

"ಮೂರು ಜನರದ್ದು ಆಗಿಹೋಯ್ತು, ಇನ್ನು ಒಬ್ಬರನ್ನೂ ಮುಟ್ಟೋಕೆ ಬಿಡಲ್ಲಮ್ಮ," ಎಂದ ಕಾರ್ಯದರ್ಶಿ.

"ಈಗಾಗಲೇ ಮೂರು ಜನಕ್ಕೆ ಮಾಡಿದಾರೇನಪ್ಪ?"

"ಮಾಡಿದಾರೆ. ಇಲ್ಲೇ ಇದಾರೆ ನೋಡಿ."

ಅತ್ತೆ ಆ ಮೂವರನ್ನು ಮೇಲಿಂದ ಕೆಳಗೆ ನೋಡಿ, "ನಿಂತ್ಕೋಬೇಡ್ರಪ್ಪ, ಕೂತ್ಕೊಳ್ಳಿ, ಹೊಲಿಗೆ ಬಿಚ್ಚಿಕೊಂಡೀತು," ಎಂದಳು. ಅವರಿಗೆ ಏನೂ ತಿಳಿಯದಿದ್ದರೂ, ಹತ್ತು ದಿನದಲ್ಲಿ ತಮಗೆ ಕೂತ್ಕೊಳ್ಳಿ ಎಂದು ಹೇಳಿದ ಮೊದಲ ವ್ಯಕ್ತಿ ಆಕೆ. ಮೂವರೂ ಕೂತರು.

ಒಳಗೆ ಸಿಬ್ಬಂದಿ ಅಧಿಕಾರಿ ಬೆವತುಹೋಗಿದ್ದ. ಕಿಟಕಿಯಿಂದ ಹಲಗೆ ಓದಿದ, ನಿಘಂಟು ತೆಗೆದ, ಮುಚ್ಚಿದ. ತಾನು ಬರೆದ ಎರಡು ಪದ ಗೇಟಿನಲ್ಲಿ ನಿಂತು ತನ್ನನ್ನೇ ಬೈಯುತ್ತಿದ್ದವು. ಕೊನೆಗೆ ಒಂದು ಹಾಳೆಯಲ್ಲಿ ಏನೋ ಗೀಚಿಕೊಂಡು ಯಂತ್ರದ ಬಳಿಗೆ ಓಡಿಬಂದ.

ತರಬೇತುದಾರ ಆಗಷ್ಟೇ ತುಂಡನ್ನು ಅಳೆದು ನೋಡಿದ್ದ. "ಪಾಸು," ಎಂದ. "ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ."

ಹ್ಯಾಂಡಲಪ್ಪನಿಗೆ ನಂಬಿಕೆಯಾಗಲಿಲ್ಲ. ಇನ್ನೂ ಬೆಚ್ಚಗಿದ್ದ ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಧಿಕಾರಿಯ ಹಿಂದೆ ಗೇಟಿಗೆ ನಡೆದ.

ಅವನನ್ನು ಕಂಡೊಡನೆ ಹೆಂಡತಿ ಕಂಬಿ ಹಿಡಿದು ಕೂಗಿದಳು. "ರೀ! ಆಗಿಹೋಯ್ತಾ?"

"ಆಗಿಹೋಯ್ತು ಕಣೇ! ಪಾಸು!" ಎಂದು ಅವನು ತುಂಡನ್ನು ಎತ್ತಿ ತೋರಿಸಿದ. "ನೋಡು, ಕತ್ತರಿಸಿದ್ದು!"

ಅತ್ತೆ ಮೂವರ ಪಕ್ಕದಲ್ಲಿ ಕುಸಿದು ಕೂತಳು. ಹೆಂಡತಿ ಕಣ್ಣು ಮುಚ್ಚಿಕೊಂಡಳು, ಆಮೇಲೆ ಬೆರಳ ಸಂದಿಯಿಂದ ನೋಡಿದಳು, ಆಮೇಲೆ ಕೈ ತೆಗೆದು ಸರಿಯಾಗಿ ನೋಡಿದಳು.

"ಇದು ಅಲ್ಯೂಮಿನಿಯಮ್ಮು," ಎಂದಳು.

"ಮತ್ತಿನ್ನೇನು?"

ತಾತ ಕನ್ನಡಕ ತೆಗೆದು ಒರೆಸಿ, ತುಂಡನ್ನೂ ಹಲಗೆಯನ್ನೂ ನೋಡಿ, ಹಲಗೆಯನ್ನು ಮೆಲ್ಲಗೆ ಉಲ್ಟಾ ತಿರುಗಿಸಿದರು. ಕೆಳಗೆ ಕೂತಿದ್ದ ಮೂವರಲ್ಲಿ ಒಬ್ಬ ಹ್ಯಾಂಡಲಪ್ಪನ ಹೆಂಡತಿಗೆ ಹೇಳಿದ. "ತಂಗಿ, ನಾವು ಇವನ ಜೊತೆಯವರೇ. ನಾಲ್ಕು ಮಿಷನ್ನಿಗೆ ನಾಲ್ಕು ಜನ ಇದ್ವಿ. ಹೇಳಲಿಲ್ವಾ ಇವನು?"

ಹೆಂಡತಿ ಗಂಡನ ಮುಖ ನೋಡಿದಳು. ಹ್ಯಾಂಡಲಪ್ಪ ತುಂಡಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ.

ಅಧಿಕಾರಿ ಅವನ ಕೈಯಿಂದ ತುಂಡು ಕಿತ್ತುಕೊಂಡು ಹಾಳೆ ಹಿಡಿಸಿದ. "ಎಲ್ಲಾ ಅಪಾರ್ಥ ಆಗಿದೆ. ನೀನೇ ಓದು. ನಿನ್ನ ಜನ, ನಿನ್ನ ಮಾತು ನಂಬ್ತಾರೆ. ಜೋರಾಗಿ ಓದು."

ಹ್ಯಾಂಡಲಪ್ಪ ಹಾಳೆ ನೋಡಿದ. ಈ ಸಲ ಭಾಷೆ ಸರಳವಾಗಿತ್ತು. ಹೊಸ ಯಂತ್ರದಿಂದ ಯಾರ ಕೆಲಸವೂ ಹೋಗಿಲ್ಲ, ಹೋಗುವುದೂ ಇಲ್ಲ. ಮೂವರು ತಮ್ಮ ಇಷ್ಟದಿಂದಲೇ ವಿಶ್ರಾಂತಿಗೆ ಹೋಗಿದ್ದಾರೆ. ಇದನ್ನು ಅವರ ಜೊತೆಗಾರನಾದ ನಾನು ಬಲ್ಲೆ.

ವಾರದಲ್ಲಿ ಅವನಿಗೆ ಒಂದೇ ಓದಿಗೆ ಪೂರ್ತಿ ಅರ್ಥವಾದ ಮೊದಲ ಕಾಗದ ಅದು.

"ಓದು," ಎಂದ ಅಧಿಕಾರಿ, ಹಲ್ಲು ಕಚ್ಚಿ. "ಓದಿದ್ರೆ ನೀನು ಆಪರೇಟರ್. ಇಲ್ಲಾಂದ್ರೆ ಎರಡನೇ ಪುಟಕ್ಕೂ ಇವತ್ತೇ ಸಹಿ ಹಾಕಿಸ್ತೀನಿ."

"ಓದಲ್ಲ ಸಾರ್."

"ಓದಲ್ಲ ಅಂದ್ರೆ? ಅಕ್ಷರ ಬರಲ್ವಾ ನಿಂಗೆ?"

"ಬರುತ್ತೆ ಸಾರ್," ಎಂದ ಹ್ಯಾಂಡಲಪ್ಪ, ಹಾಳೆಯನ್ನು ವಾಪಸು ಕೊಡುತ್ತ. "ಅದಕ್ಕೇ ಓದಲ್ಲ."